ಕತ್ತರಿ ಆಮೇಲೆ ಹಿಡಿಯಿರಿ: ದೇಶವಿದೇಶದ ಅಂಚೆಚೀಟಿ ಕೂಡಿಡುವ ಬಗೆ

ನಮ್ಮ ತಾತ ಕೆಜಿಎಫ್‌ನ ಗಣಿಯಲ್ಲಿ, ಟೈಮ್ ಆಫೀಸಿನ ಗುಮಾಸ್ತರಾಗಿದ್ದವರು. ಅವರ ಪಕ್ಕದ ಮನೆಯಲ್ಲಿದ್ದ ಆಂಗ್ಲೋ ಇಂಡಿಯನ್ ಕುಟುಂಬ ಆಸ್ಟ್ರೇಲಿಯಾದ ಪರ್ತ್‌ಗೆ ಹೋಗಿ ನೆಲೆಸಿತು. ಆಮೇಲೆ ಪ್ರತಿ ಡಿಸೆಂಬರ್‌ನಲ್ಲಿ ಅಲ್ಲಿಂದ ಒಂದು ಕಾರ್ಡು ತಪ್ಪದೆ ಬರುತ್ತಿತ್ತು. ತಾತ ಅವನ್ನೆಲ್ಲ ಕವರಿನ ಸಮೇತ ದಾರ ಕಟ್ಟಿ ಟ್ರಂಕಿನಲ್ಲಿ ಇಟ್ಟಿದ್ದರು. ಆರನೇ ಕ್ಲಾಸಿನಲ್ಲಿ ನನಗೆ ಸ್ಟ್ಯಾಂಪಿನ ಹುಚ್ಚು ಹತ್ತಿದಾಗ ಒಂದು ಭಾನುವಾರ ಕೂತು ಅಷ್ಟೂ ಕವರುಗಳ ಮೂಲೆ ಕತ್ತರಿಸಿದೆ. ಕವರುಗಳು ನೀರೊಲೆಗೆ ಹೋದವು. ತಾತ ಬೈಯಲಿಲ್ಲ. ಬೈದಿದ್ದರೆ ನಾಲ್ಕಾದರೂ ಉಳಿಯುತ್ತಿದ್ದವು.

ಆ ಸ್ಟ್ಯಾಂಪುಗಳು ಇಂದಿಗೂ ನನ್ನ ಹತ್ತಿರ ಇವೆ. ಆಸ್ಟ್ರೇಲಿಯಾ 1957ರಿಂದ ಕ್ರಿಸ್‌ಮಸ್‌ಗೆಂದೇ ಚೀಟಿ ಹೊರಡಿಸುತ್ತ ಬಂದಿದೆ; ನನ್ನವೂ ಹೆಚ್ಚಿನವು ಅವೇ. ಚಿತ್ರ ಚೆನ್ನಾಗಿದೆ, ಬಣ್ಣ ಮಾಸಿಲ್ಲ. ಆದರೆ ಮುದ್ರೆಯ ಕಾಲುಭಾಗ ಮಾತ್ರ ಚೀಟಿಯ ಮೇಲಿದೆ, ಮುಕ್ಕಾಲು ಭಾಗ ಒಲೆಯಲ್ಲಿ ಸುಟ್ಟಿತು. ಯಾವ ತಾರೀಕು ಹೊರಟಿತು, ಯಾವ ಅಂಚೆಕಚೇರಿಯಿಂದ ಬಂತು, ನಮ್ಮೂರಿಗೆ ಎಷ್ಟು ದಿನಕ್ಕೆ ತಲುಪಿತು, ಒಂದನ್ನೂ ಹೇಳಲಾರೆ. ಹೊಸದಾಗಿ ಶುರು ಮಾಡುವವರಿಗೆ ನಾನು ಮೊದಲು ಹೇಳುವುದು ಇದನ್ನೇ. ಅಂಚೆಚೀಟಿ ಬರೀ ಚಿತ್ರವಲ್ಲ, ಒಂದು ಕೆಲಸ ಮಾಡಿ ಬಂದ ಕಾಗದ. ಆ ಕೆಲಸದ ಗುರುತು ಉಳಿಯುವ ಹಾಗೆ ಕೂಡಿಡಬೇಕು.

ಮನೆಯಲ್ಲೇ ಶುರು ಮಾಡಿ

ದುಡ್ಡು ಕೊಟ್ಟು ಪೊಟ್ಟಣ ಕೊಳ್ಳುವ ಮೊದಲು ಅಟ್ಟ ಹತ್ತಿ. ಹಳೇ ಟ್ರಂಕು, ಬೀರುವಿನ ಕೆಳಗಿನ ಡ್ರಾಯರು, ಎಲ್‌ಐಸಿ ಕಾಗದಗಳ ಚೀಲ, ಮದುವೆ ಆಲ್ಬಮ್ಮಿನ ಹಿಂದಿನ ಜೇಬು, ಎಲ್ಲ ನೋಡಿ. ನಮ್ಮ ಕೋಲಾರ ಜಿಲ್ಲೆಯಲ್ಲಿ, ಅದರಲ್ಲೂ ಕೆಜಿಎಫ್ ಕಡೆ, ಹೊರದೇಶದ ಕಾಗದ ಬರದ ಬೀದಿ ಇರಲಿಲ್ಲ. ಗಣಿ ನಡೆಯುತ್ತಿದ್ದಾಗ ಇಂಗ್ಲೆಂಡಿನಿಂದ ಬರುತ್ತಿತ್ತು, ಆಮೇಲೆ ವಲಸೆ ಹೋದವರಿಂದ ಆಸ್ಟ್ರೇಲಿಯಾದಿಂದ, ಅದಾದ ಮೇಲೆ ಕೆಲಸಕ್ಕೆ ಹೋದ ಮಕ್ಕಳಿಂದ ದುಬೈ, ಮಸ್ಕತ್, ಕುವೈತ್‌ನಿಂದ. 2001ರಲ್ಲಿ ಗಣಿ ಮುಚ್ಚಿತು, ಮನೆಗಳು ಖಾಲಿಯಾದವು, ಕಾಗದದ ಕಟ್ಟುಗಳು ಗುಜರಿಗೆ ಹೋದವು. ಉಳಿದಿರುವುದು ಇನ್ನೂ ಇದೆ. ಚರ್ಚಿನ ಕಚೇರಿಯಲ್ಲಿ ಕೇಳಿ, ಹಳೇ ಮೇಷ್ಟ್ರುಗಳನ್ನು ಕೇಳಿ. ನರಸಾಪುರದ ಕಾರ್ಖಾನೆಗಳಲ್ಲಿ ಕೆಲಸ ಮಾಡುವ ನೆಂಟರಿದ್ದರೆ ಕಚೇರಿಯ ಟಪಾಲಿನ ಕವರು ಎಸೆಯಬೇಡಿ ಎಂದು ಹೇಳಿಡಿ. ಕಾಗದ ಓದಬೇಡಿ, ಬರೀ ಕವರು ಕೇಳಿ. ಯಾರೂ ಇಲ್ಲ ಅನ್ನುವುದಿಲ್ಲ.

ಸಿಕ್ಕ ಕವರನ್ನು ಎರಡು ಗುಂಪು ಮಾಡಿ. ಮುದ್ರೆಯಲ್ಲಿ ಊರು, ತಾರೀಕು ಓದುವ ಹಾಗಿದ್ದರೆ, ಅಥವಾ ಹಿಂಬದಿಯಲ್ಲಿ ಊರಿಗಾಂ, ಮಾರಿಕುಪ್ಪಂ, ಚಾಂಪಿಯನ್ ರೀಫ್ಸ್ ಎಂದು ತಲುಪಿದ ಮುದ್ರೆ ಇದ್ದರೆ, ಅಥವಾ 1960ಕ್ಕಿಂತ ಹಳೆಯದಾದರೆ ಕವರನ್ನು ಇಡಿಯಾಗಿ ಇಡಿ, ಮುಟ್ಟಬೇಡಿ. ಹರಿದಿದ್ದರೂ ಸರಿ, ಕಾಫಿ ಕಲೆ ಆಗಿದ್ದರೂ ಸರಿ. ಮಿಕ್ಕವನ್ನು ಕತ್ತರಿಸಬಹುದು. ಕತ್ತರಿಸುವಾಗ ಚೀಟಿಯ ಸುತ್ತ ಒಂದು ಸೆಂಟಿಮೀಟರ್ ಕಾಗದ ಬಿಡಿ. ಹಲ್ಲು ಮುರಿದರೆ, ಅಂದರೆ ಅಂಚಿನ ತೂತುಗಳ ನಡುವಿನ ಮೊನೆ ಒಂದು ಹೋದರೂ, ಸ್ಟ್ಯಾಂಪು ಮುಕ್ಕಾದ ಹಾಗೆ.

ನೀರಿಗೆ ಹಾಕುವುದು

ಕೈಯಿಂದ ಕಿತ್ತರೆ ಹಿಂಬದಿಯ ಪದರ ಕವರಿನಲ್ಲೇ ಉಳಿಯುತ್ತದೆ. ಕೆಟಲಿನ ಹಬೆ ಹಿಡಿಯುವವರೂ ಇದ್ದಾರೆ, ನನಗೆ ಅದು ಸರಿಹೋಗಲಿಲ್ಲ; ಕಾಗದ ಸುರುಳಿಯಾಗುತ್ತದೆ, ಬೆರಳೂ ಸುಡುತ್ತದೆ. ಒಂದು ಅಗಲವಾದ ಸ್ಟೀಲ್ ತಟ್ಟೆ, ಉಗುರು ಬೆಚ್ಚಗಿನ ನೀರು, ಇಷ್ಟು ಸಾಕು. ಸೋಪು ಬೇಡ, ಉಪ್ಪು ಬೇಡ.

ಒಂದು ಸಲಕ್ಕೆ ಹತ್ತು ಹದಿನೈದು ಚೀಟಿ ಮಾತ್ರ, ಒಂದರ ಮೇಲೊಂದು ಬೀಳದ ಹಾಗೆ, ಚಿತ್ರ ಮೇಲೆ ಬರುವಂತೆ ನೀರಿನಲ್ಲಿ ತೇಲಿಬಿಡಿ. ಮೊದಲು ಕವರಿನ ಕಾಗದ ನೀರು ಕುಡಿದು ಬಣ್ಣ ಗಾಢವಾಗುತ್ತದೆ. ಐದಾರು ನಿಮಿಷಕ್ಕೆ ಚೀಟಿಯ ಒಂದು ಮೂಲೆ ತಾನಾಗಿ ಏಳುತ್ತದೆ. ಆಗ ಅವಸರ ಮಾಡಬಾರದು, ತಪ್ಪು ಆಗುವುದೇ ಅಲ್ಲಿ. ಇನ್ನೂ ಐದು ಹತ್ತು ನಿಮಿಷ ಬಿಡಿ. ಅಂಟು ಪೂರ್ತಿ ಕರಗಿದಾಗ ಕಾಗದ ಹಿಡಿದು ಎಳೆದರೆ ಚೀಟಿ ಬಾಳೆ ಎಲೆಯ ಮೇಲಿನ ತುಪ್ಪದಂತೆ ಜಾರಿ ಬರುತ್ತದೆ. ಚೀಟಿಯನ್ನು ಕಾಗದದಿಂದ ಎಳೆಯಬೇಡಿ, ಕಾಗದವನ್ನು ಚೀಟಿಯಿಂದ ಎಳೆಯಿರಿ. ಒದ್ದೆ ಸ್ಟ್ಯಾಂಪಿಗೆ ಜೀವವಿರುವುದಿಲ್ಲ, ಎಳೆತ ತಡೆಯುವ ಕೆಲಸ ಕವರಿನ ಕಾಗದಕ್ಕೆ ಬಿಡಿ. ಹಿಂಬದಿ ಬೆರಳಿಗೆ ಲೋಳೆಲೋಳೆ ಅನಿಸಿದರೆ ಅಂಟು ಇನ್ನೂ ಇದೆ ಎಂದರ್ಥ. ಇನ್ನೊಂದು ತಟ್ಟೆಯ ಹೊಸ ನೀರಿನಲ್ಲಿ ಅದ್ದಿ ತೆಗೆಯಿರಿ, ಇಲ್ಲದಿದ್ದರೆ ಒಣಗಿದ ಮೇಲೆ ಆಲ್ಬಮ್ಮಿಗೇ ಅಂಟಿಕೊಳ್ಳುತ್ತದೆ.

ಕೆಂಪು, ಹಸಿರು, ನೀಲಿ ಕವರಿನ ತುಂಡುಗಳನ್ನು ಬೇರೆ ತಟ್ಟೆಯಲ್ಲಿ, ಒಂದೊಂದಾಗಿ ಹಾಕಿ. ಕ್ರಿಸ್‌ಮಸ್ ಕಾರ್ಡಿನ ಕೆಂಪು ಕವರು ನೀರಿಗೆ ಬಿದ್ದ ಎರಡೇ ನಿಮಿಷಕ್ಕೆ ತಟ್ಟೆಯೆಲ್ಲ ಗುಲಾಬಿ ಬಣ್ಣ. ಅದರಲ್ಲಿದ್ದ ಬಿಳಿ ಅಂಚಿನ ಚೀಟಿಗಳಿಗೆ ಹತ್ತಿದ ಬಣ್ಣ ಮತ್ತೆ ಹೋಗುವುದಿಲ್ಲ.

ಒಣಗಿಸಲು ಬಿಳಿ ಹತ್ತಿ ಬಟ್ಟೆಯ ಮೇಲೆ ಅಥವಾ ಬ್ಲಾಟಿಂಗ್ ಕಾಗದದ ಮೇಲೆ ಬೋರಲಾಗಿ ಇಡಿ. ದಿನಪತ್ರಿಕೆ ಬೇಡ, ಶಾಯಿ ಹತ್ತುತ್ತದೆ. ಬಿಸಿಲಿಗೂ ಬೇಡ, ಫ್ಯಾನಿನ ಕೆಳಗೂ ಬೇಡ. ಸುರುಳಿಯಾಗಿ ಒಣಗಿದರೆ ಗಾಬರಿ ಬೇಡ, ದಪ್ಪ ನಿಘಂಟಿನ ನಡುವೆ ಎರಡು ದಿನ ಇಟ್ಟರೆ ನೆಟ್ಟಗಾಗುತ್ತದೆ. ಇಸ್ತ್ರಿಪೆಟ್ಟಿಗೆ ಮಾತ್ರ ಮುಟ್ಟಿಸಬೇಡಿ.

ಈ ವಿಧಾನ ಎಲ್ಲದಕ್ಕೂ ಅಲ್ಲ. ಈಗಿನ ಅಮೆರಿಕದ ಸ್ಟ್ಯಾಂಪುಗಳು ಸ್ಟಿಕ್ಕರಿನಂಥವು, ನೀರಿಗೆ ಅಂಟು ಬಿಡುವುದಿಲ್ಲ. ಅಂಥವನ್ನು ಕಾಗದದ ಸಮೇತ ಚೌಕವಾಗಿ ಕತ್ತರಿಸಿ ಹಾಗೇ ಇಡಿ. ಬಳಸದ ಹೊಸ ಚೀಟಿಯನ್ನಂತೂ ಯಾವ ಕಾರಣಕ್ಕೂ ನೀರಿಗೆ ಹಾಕಬಾರದು. ಹಿಂಬದಿಯ ಅಂಟು ಇದ್ದರೇ ಅದಕ್ಕೆ ಬೆಲೆ.

ಯಾವ ದೇಶದ್ದು?

ನಮ್ಮ ಬೀದಿಯಲ್ಲಿ ಏಳನೇ ಕ್ಲಾಸಿನ ಹುಡುಗಿಯೊಬ್ಬಳಿದ್ದಾಳೆ. ವಾರಕ್ಕೊಮ್ಮೆ ಡಬ್ಬಿ ಹಿಡಿದು ಬಂದು, ‘ಆಂಟಿ, ಹೆಲ್ವೆಷ್ಯಾ ಅಂತ ದೇಶವೇ ಇಲ್ಲ, ಮ್ಯಾಪೆಲ್ಲ ಹುಡುಕಿದೆ’ ಎನ್ನುತ್ತಾಳೆ. ಹುಡುಕಿದರೆ ಸಿಗುವುದಿಲ್ಲ, ಅದು ಸ್ವಿಟ್ಜರ್ಲೆಂಡಿನ ಲ್ಯಾಟಿನ್ ಹೆಸರು. ಆ ದೇಶದಲ್ಲಿ ನಾಲ್ಕು ಭಾಷೆ. ನಾಲ್ಕರಲ್ಲಿ ಒಂದನ್ನು ಆರಿಸುವ ಬದಲು ಲ್ಯಾಟಿನ್ ಬಳಸುತ್ತಾರೆ. ಹೀಗೇ ಮಾಗ್ಯಾರ್ ಎಂದಿದ್ದರೆ ಹಂಗೇರಿ, ಸುವೋಮಿ ಎಂದರೆ ಫಿನ್ಲೆಂಡ್, ನಿಪ್ಪಾನ್ ಎಂದರೆ ಜಪಾನ್, ಹೆಲ್ಲಾಸ್ ಎಂದರೆ ಗ್ರೀಸ್, ಸ್ವೇರಿಯೆ ಎಂದರೆ ಸ್ವೀಡನ್, ಪೋಲ್ಸ್ಕಾ ಎಂದರೆ ಪೋಲೆಂಡ್, ಹ್ರ್ವಾತ್ಸ್ಕಾ ಎಂದರೆ ಕ್ರೊಯೇಷಿಯಾ. ಡಿಡಿಆರ್ ಎಂದಿದ್ದರೆ ಈಗಿಲ್ಲದ ಪೂರ್ವ ಜರ್ಮನಿ. ಇಂಗ್ಲಿಷಿನ ಸಿಸಿಸಿಪಿಯಂತೆ ಕಾಣುವುದು ರಷ್ಯನ್ ಲಿಪಿ. ಅದನ್ನು ಎಸ್ಎಸ್ಎಸ್ಆರ್ ಎಂದು ಓದಬೇಕು, ಹಳೆಯ ಸೋವಿಯತ್ ಒಕ್ಕೂಟ.

ದೇಶದ ಹೆಸರೇ ಇಲ್ಲದೆ, ಬರೀ ರಾಣಿಯ ಅಥವಾ ರಾಜನ ತಲೆ ಇದ್ದರೆ ಅದು ಬ್ರಿಟನ್. ಜಗತ್ತಿನ ಮೊದಲ ಅಂಟಿಸುವ ಅಂಚೆಚೀಟಿ ಪೆನ್ನಿ ಬ್ಲ್ಯಾಕ್ 1840ರ ಮೇನಲ್ಲಿ ಬಂದದ್ದು ಅಲ್ಲಿ. ಆಗ ಬೇರೆ ದೇಶದ ಚೀಟಿಯೇ ಇರಲಿಲ್ಲ, ಹೆಸರು ಹಾಕುವ ಅಗತ್ಯವೂ ಬರಲಿಲ್ಲ. ಆಮೇಲೆ ಉಳಿದ ದೇಶಗಳೆಲ್ಲ ಹೆಸರು ಹಾಕಬೇಕೆಂದಾಯಿತು, ಬ್ರಿಟನ್ನಿಗೆ ಮಾತ್ರ ರಿಯಾಯಿತಿ ಉಳಿಯಿತು. 1967ರಿಂದ ಬಂದ, ಒಂದೇ ಬಣ್ಣದ, ಪಕ್ಕಕ್ಕೆ ತಿರುಗಿದ ರಾಣಿ ಎಲಿಜಬೆತ್ ತಲೆಯ ಪುಟ್ಟ ಚೀಟಿ ಯಾವ ಡಬ್ಬಿಯಲ್ಲೂ ಹತ್ತಾದರೂ ಇರುತ್ತವೆ.

ನಮ್ಮ ಕಡೆಯವರಿಗೆ ಇಲ್ಲಿ ಒಂದು ಅನುಕೂಲವಿದೆ. ಕನ್ನಡ, ತೆಲುಗು, ತಮಿಳು, ಉರ್ದು ನಾಲ್ಕೂ ಓದಬಲ್ಲ ಮನೆಗಳು ಕೆಜಿಎಫ್‌ನಲ್ಲಿವೆ. ಶ್ರೀಲಂಕಾದ ಚೀಟಿಯಲ್ಲಿ ಸಿಂಹಳದ ಜೊತೆ ತಮಿಳಿನಲ್ಲಿ ಇಲಂಗೈ ಎಂದಿರುತ್ತದೆ. ಇರಾನ್, ಇರಾಕ್, ಕುವೈತ್ ಚೀಟಿಗಳ ಅಕ್ಷರವನ್ನು ಉರ್ದು ಬಲ್ಲವರು ಓದಿ ಹೇಳುತ್ತಾರೆ. ನೇಪಾಳದ್ದು ದೇವನಾಗರಿ. ಅಕ್ಕಪಕ್ಕದವರನ್ನು ಕರೆದು ಓದಿಸಿ, ಹೀಗೆ ಓದಿಸಿದ್ದರಿಂದಲೇ ನನಗೆ ಮೂರು ಕಟ್ಟು ಹಳೇ ಕವರು ಸಿಕ್ಕಿವೆ.

ಏನನ್ನು ಕೂಡಿಡುವುದು?

ಎಲ್ಲ ದೇಶದ ಎಲ್ಲ ಚೀಟಿ ಎಂದು ಹೊರಟರೆ ಡಬ್ಬಿ ತುಂಬುತ್ತದೆ, ತಲೆಯಲ್ಲಿ ಏನೂ ಉಳಿಯುವುದಿಲ್ಲ. ಒಂದು ವರ್ಷ ಸಿಕ್ಕಿದ್ದನ್ನೆಲ್ಲ ಇಟ್ಟುಕೊಳ್ಳಿ, ಆಮೇಲೆ ಒಂದು ವಿಷಯ ಹಿಡಿಯಿರಿ. ಹಕ್ಕಿ, ರೈಲು, ಕ್ರಿಕೆಟ್ ಎಲ್ಲರೂ ಹಿಡಿಯುವ ವಿಷಯಗಳು, ತಪ್ಪೇನಿಲ್ಲ. ಆದರೆ ನಿಮ್ಮ ಕಾಲ ಕೆಳಗಿನ ಮಣ್ಣಿನ ವಿಷಯ ಹಿಡಿದು ನೋಡಿ, ಅದರ ರುಚಿಯೇ ಬೇರೆ.

ನಾನು ಹಿಡಿದದ್ದು ಚಿನ್ನ. ಕ್ಯಾಲಿಫೋರ್ನಿಯಾದಲ್ಲಿ ಚಿನ್ನ ಸಿಕ್ಕಿ ನೂರು ವರ್ಷವಾದಾಗ ಅಮೆರಿಕ 1948ರ ಜನವರಿಯಲ್ಲಿ 3 ಸೆಂಟಿನ ನೇರಳೆ ಬಣ್ಣದ ಚೀಟಿ ತಂದಿತು. ಆಸ್ಟ್ರೇಲಿಯಾ 1951ರಲ್ಲಿ ತನ್ನ ಚಿನ್ನದ ನೂರು ವರ್ಷಕ್ಕೆ ಹಾರ್‌ಗ್ರೇವ್ಸ್ ಎಂಬ ಶೋಧಕನ ಚಿತ್ರ ಹಾಕಿತು. ಪೋಲೆಂಡಿನ ಚೀಟಿಗಳಲ್ಲಿ ಗಣಿ ಕಾರ್ಮಿಕರು ಮತ್ತೆ ಮತ್ತೆ ಬರುತ್ತಾರೆ. ಅಲ್ಲಿ ಕಲ್ಲಿದ್ದಲು, ಆದರೂ ತಲೆಯ ಮೇಲಿನ ದೀಪ ನೋಡಿದರೆ ನಮ್ಮವರೇ ಅನಿಸುತ್ತದೆ. ಈ ಚೀಟಿಗಳಲ್ಲಿ ಹೆಚ್ಚಿನವು ದುಬಾರಿಯಲ್ಲ. ಇವನ್ನು ಒಂದು ಹಾಳೆಯಲ್ಲಿ ಜೋಡಿಸಿ, ನಡುವೆ ಚಾಂಪಿಯನ್ ರೀಫ್ಸ್ ಮುದ್ರೆಯ ಹಳೇ ಕವರು ಒಂದನ್ನು ಇಟ್ಟಿದ್ದೇನೆ.

ರೇಷ್ಮೆ ಸಾಕುವ ಮನೆಯವರು ರೇಷ್ಮೆ ಹಿಡಿಯಬಹುದು, ಹಾಲಿನ ಡೇರಿಗೆ ಹಾಕುವವರು ದನಗಳನ್ನು ಹಿಡಿಯಬಹುದು. ಎಂಜಿನಿಯರಿಂಗ್ ಓದುವ ಮಕ್ಕಳಿಗೆ ಅಣೆಕಟ್ಟು ಒಳ್ಳೆಯ ವಿಷಯ, ಶುರುವಿಗೆ ಮುದ್ದೇನಹಳ್ಳಿಯ ವಿಶ್ವೇಶ್ವರಯ್ಯನವರೇ ಇದ್ದಾರೆ. ಅವರ ಜನ್ಮಶತಾಬ್ದಿಗೆಂದು 1960ರ ಸೆಪ್ಟೆಂಬರ್ 15ರಂದು, ಅವರು ಬದುಕಿದ್ದಾಗಲೇ, 15 ನಯೇ ಪೈಸೆಯ ಚೀಟಿ ಹೊರಬಂತು. ಮುಳಬಾಗಿಲಿನ ಡಿವಿಜಿಯವರ ಚೀಟಿ ಬಂದದ್ದು 1988ರಲ್ಲಿ. ಗಾಂಧೀಜಿಯನ್ನು ಹಿಡಿದರೆ ಭೂಗೋಳವೆಲ್ಲ ಸುತ್ತಬಹುದು: ಭಾರತದ ಹೊರಗೆ ಮೊದಲು ಅಮೆರಿಕ 1961ರಲ್ಲಿ, ಆಮೇಲೆ 1969ರಲ್ಲಿ, ಯಾರ ವಿರುದ್ಧ ಹೋರಾಡಿದರೋ ಆ ಬ್ರಿಟನ್ನೇ ಅವರ ಚೀಟಿ ತಂದಿತು. ವಿಚಿತ್ರ ಬೇಕೆನ್ನುವವರಿಗೆ ಭೂತಾನ್ ಇದೆ. 1970ರ ದಶಕದ ಶುರುವಿನಲ್ಲಿ ಗ್ರಾಮಫೋನಿಗೆ ಹಾಕಿದರೆ ಹಾಡುವ ಪುಟ್ಟ ರೆಕಾರ್ಡುಗಳನ್ನೇ ಸ್ಟ್ಯಾಂಪು ಮಾಡಿದ ದೇಶ ಅದು.

ಕೊಳ್ಳುವಾಗ

ನೂರು ದೇಶ, ನೂರು ಸ್ಟ್ಯಾಂಪು ಎಂದು ಪೊಟ್ಟಣ ಮಾರುತ್ತಾರೆ. ಮಕ್ಕಳ ಕೈಗೆ ಶುರುವಿಗೆ ಕೊಡಲು ಪರವಾಗಿಲ್ಲ. ಒಮ್ಮೆ ಅಪರೂಪದ ಅರಬ್ ಸ್ಟ್ಯಾಂಪು ಎಂದು ನಂಬಿ ಒಬ್ಬರ ಹತ್ತಿರ ಹೆಚ್ಚು ದುಡ್ಡು ಕೊಟ್ಟು ತಂದೆ. ಅಜ್ಮಾನ್, ಫುಜೈರಾ, ಉಮ್ಮಲ್ ಖುವೈನ್ ಎಂದು ಬರೆದ, ದೊಡ್ಡ ದೊಡ್ಡ ಹೂವಿನ, ವರ್ಣಚಿತ್ರದ ಚೀಟಿಗಳು. 1971ರಲ್ಲಿ ಯುಎಇ ಒಕ್ಕೂಟವಾಗುವ ಮೊದಲಿನ ಕೆಲವು ವರ್ಷ ಈ ಸಣ್ಣ ಸಂಸ್ಥಾನಗಳ ಹೆಸರಿನಲ್ಲಿ ಸಂಗ್ರಹಕಾರರಿಗೆ ಮಾರಲೆಂದೇ ರಾಶಿ ರಾಶಿ ಚೀಟಿ ಅಚ್ಚಾದವು. ನೋಡಲು ಚಂದ, ಅಂಚೆ ಕೆಲಸ ಮಾಡಿದ್ದು ಕಡಿಮೆ, ಬೆಲೆಯೂ ಕಡಿಮೆ. ತಿರುಗಿಸಿ ನೋಡಿ: ಮೂಲೆಯಲ್ಲಿ ಅಚ್ಚುಕಟ್ಟಾದ ಕಾಲುವೃತ್ತದ ಮುದ್ರೆ ಇದ್ದೂ ಹಿಂಬದಿಯಲ್ಲಿ ಅಂಟು ಹಾಗೇ ಇದ್ದರೆ ಆ ಚೀಟಿ ಯಾವ ಕಾಗದವನ್ನೂ ಹೊತ್ತಿಲ್ಲ, ಮುದ್ರಣಾಲಯದಿಂದಲೇ ಮುದ್ರೆ ಒತ್ತಿಸಿಕೊಂಡು ಬಂದದ್ದು. ಹಳೆಯ ಪೂರ್ವ ಯುರೋಪಿನ ಚೀಟಿಗಳಲ್ಲೂ ಇದು ಬಹಳ.

ಹಳೆಯದೆಲ್ಲ ಲಕ್ಷ ಬಾಳುತ್ತದೆ ಎಂಬ ಆಸೆ ಹಿಡಿಸುವವರೂ ಇದ್ದಾರೆ. ಪೆನ್ನಿ ಬ್ಲ್ಯಾಕ್ ಅಚ್ಚಾದದ್ದೇ 6.8 ಕೋಟಿಗೂ ಹೆಚ್ಚು. ವಯಸ್ಸಿಗಿಂತ ಎಷ್ಟು ಉಳಿದಿವೆ, ಯಾವ ಸ್ಥಿತಿಯಲ್ಲಿವೆ ಎಂಬುದರ ಮೇಲೆ ಬೆಲೆ ನಿಲ್ಲುತ್ತದೆ. ಬೆಲೆ ಬಾಳುತ್ತದೆಂದು ಅನುಮಾನ ಬಂದರೆ ಸ್ಟಾನ್ಲಿ ಗಿಬ್ಬನ್ಸ್ ಅಥವಾ ಸ್ಕಾಟ್ ಕ್ಯಾಟಲಾಗ್ ನೋಡಿ. ಅದರಲ್ಲಿ ಬರೆದ ಬೆಲೆ ಒಳ್ಳೆಯ ಸ್ಥಿತಿಯ ಚೀಟಿಗೆ ಎಂಬುದು ನೆನಪಿರಲಿ. ಎರಡು ಚೀಟಿ ಒಂದೇ ಥರ ಕಂಡರೂ ಹಲ್ಲು ಎಣಿಸಿ. 2 ಸೆಂಟಿಮೀಟರಿನಲ್ಲಿ ಎಷ್ಟು ತೂತು ಎಂಬ ಲೆಕ್ಕವೇ ಎಷ್ಟೋ ಸಲ ಒಂದು ಅಚ್ಚನ್ನು ಇನ್ನೊಂದರಿಂದ ಬೇರೆ ಮಾಡುತ್ತದೆ.

ಭಾರತದ ಹೊಸ ಚೀಟಿಗಳಿಗೆ ಬೆಂಗಳೂರು ಜಿಪಿಒದ (ಪ್ರಧಾನ ಅಂಚೆಕಚೇರಿ) ಫಿಲಾಟೆಲಿ, ಅಂದರೆ ಅಂಚೆಚೀಟಿ ಸಂಗ್ರಹದ, ವಿಭಾಗ ನಂಬಿಕೆಯ ಜಾಗ. ಮಾರಿಕುಪ್ಪಂನಿಂದ ಬೆಂಗಳೂರಿನ ರೈಲು ಹತ್ತಿ ಕಂಟೋನ್ಮೆಂಟಿನಲ್ಲಿ ಇಳಿದರೆ ಹತ್ತಿರ. ಪ್ರತಿ ಸಲ ಹೋಗಲಾಗದಿದ್ದರೆ 200 ರೂಪಾಯಿ ಕಟ್ಟಿ ಫಿಲಾಟೆಲಿ ಠೇವಣಿ ಖಾತೆ ತೆರೆಯಿರಿ, ಹೊಸ ಚೀಟಿಗಳು ಮನೆಗೇ ಬರುತ್ತವೆ. ಆರರಿಂದ ಒಂಬತ್ತನೇ ಕ್ಲಾಸಿನ ಮಕ್ಕಳಿದ್ದರೆ ಅವರ ಹೆಸರಿನಲ್ಲೇ ತೆರೆಯಿರಿ. ಅಂಚೆ ಇಲಾಖೆಯ ದೀನ್ ದಯಾಳ್ ಸ್ಪರ್ಶ್ ಯೋಜನೆಯಲ್ಲಿ ವರ್ಷಕ್ಕೆ 6000 ರೂಪಾಯಿ ವಿದ್ಯಾರ್ಥಿವೇತನವಿದೆ. ಅದಕ್ಕೆ ಶಾಲೆಯ ಫಿಲಾಟೆಲಿ ಕ್ಲಬ್ಬಿನ ಸದಸ್ಯತ್ವ ಅಥವಾ ಸ್ವಂತ ಖಾತೆ ಬೇಕು, ಹಿಂದಿನ ಪರೀಕ್ಷೆಯಲ್ಲಿ 60 ಶೇಕಡಾ ಅಂಕ ಬೇಕು. ಮೊದಲು ಕ್ವಿಜ್, ಆಮೇಲೆ ಒಂದು ಪ್ರಾಜೆಕ್ಟ್. ನಮ್ಮ ಬೀದಿಯ ಹುಡುಗಿ ಈಗ ಅದಕ್ಕೇ ಕೂತಿದ್ದಾಳೆ. ಪ್ರಕಟಣೆ ಯಾವಾಗ ಎಂದು ಪ್ರಧಾನ ಅಂಚೆಕಚೇರಿಯಲ್ಲಿ ಮುಂಚೆಯೇ ಕೇಳಿಡಿ.

ಇಡುವ ಬಗೆ

ಬೆರಳಲ್ಲಿ ಮುಟ್ಟಬೇಡಿ, ಚಪ್ಪಟೆ ತುದಿಯ ಸ್ಟ್ಯಾಂಪ್ ಚಿಮಟ ಸಿಗುತ್ತದೆ, ಅದರಲ್ಲಿ ಹಿಡಿಯಿರಿ. ಪಟ್ಟಿಗಳಿರುವ ಸ್ಟಾಕ್ ಬುಕ್ಕಿನಲ್ಲಿ ಇಡಿ. ಗೋಂದು, ಸೆಲ್ಲೋಟೇಪು, ಲ್ಯಾಮಿನೇಷನ್ ಮೂರೂ ಚೀಟಿಯನ್ನು ಕೊಲ್ಲುತ್ತವೆ. ನಮ್ಮದು ಒಣ ಹವೆ, ಅರ್ಧ ಚಿಂತೆ ಕಡಿಮೆ. ಆದರೂ ಮಳೆಗಾಲದಲ್ಲಿ ಬುಕ್ಕನ್ನು ಮಲಗಿಸದೆ ನಿಲ್ಲಿಸಿ ಇಡಿ, ಪಕ್ಕದಲ್ಲಿ ಸಿಲಿಕಾ ಜೆಲ್ ಪೊಟ್ಟಣ ಇರಲಿ, ತಿಂಗಳಿಗೊಮ್ಮೆ ಹಾಳೆ ತಿರುವಿ ಗಾಳಿಯಾಡಿಸಿ.

ಕಳಿಸಿ, ತರಿಸಿ

ಅಂಚೆ ಎಂಬ ಮಾತೇ ಹಂಸದಿಂದ ಬಂದದ್ದು ಎನ್ನುತ್ತಾರೆ, ಹೋಗಿ ಬರುವ ಹಕ್ಕಿ. ನಿಜವಾಗಿ ಪಯಣ ಮಾಡಿದ ಚೀಟಿ ಬೇಕಾದರೆ ನೀವೂ ಕಾಗದ ಹಾಕಬೇಕು. 2005ರಿಂದ ನಡೆಯುತ್ತಿರುವ ಪೋಸ್ಟ್‌ಕ್ರಾಸಿಂಗ್ ಎಂಬ ಜಾಲತಾಣದಲ್ಲಿ ಹೆಸರು ನೋಂದಾಯಿಸಿದರೆ ಯಾವುದೋ ದೇಶದವರ ವಿಳಾಸ ಕೊಡುತ್ತಾರೆ. ನಿಮ್ಮ ಕಾರ್ಡು ಅಲ್ಲಿ ಮುಟ್ಟಿದ ಮೇಲೆ ಇನ್ನಾರೋ ನಿಮಗೆ ಬರೆಯುತ್ತಾರೆ. ಹೊರದೇಶದಲ್ಲಿರುವ ಮಕ್ಕಳಿಗೆ, ನೆಂಟರಿಗೆ ಒಂದು ಮಾತು ಹೇಳಿ: ಹುಟ್ಟುಹಬ್ಬಕ್ಕೆ ವಾಟ್ಸಾಪ್ ಜೊತೆಗೆ ಒಂದು ಕಾರ್ಡು, ಅದಕ್ಕೆ ಚಿತ್ರದ ಸ್ಟ್ಯಾಂಪು. ಅಮೆರಿಕದಲ್ಲಿರುವವರು ಗ್ಲೋಬಲ್ ಫಾರೆವರ್ ಎಂಬ ದುಂಡನೆಯ ಚೀಟಿ ಒಂದನ್ನು ಅಂಟಿಸಿದರೆ ಕಾರ್ಡು ಇಲ್ಲಿಗೆ ಬರುತ್ತದೆ. ಬ್ರಿಟನ್ನಿನಲ್ಲಿರುವವರ ಹತ್ತಿರ ಬಾರ್‌ಕೋಡ್ ಇಲ್ಲದ ಹಳೇ ರಾಣಿ ತಲೆಯ ಚೀಟಿ ಉಳಿದಿದ್ದರೆ ಅದು 2023ರ ಜುಲೈ 31ರ ನಂತರ ನಡೆಯುವುದಿಲ್ಲ, ನಿಮಗೇ ಆಲ್ಬಮ್ಮಿಗೆ ಕೊಡಲಿ. ಒಂದು ದೇಶದ ಚೀಟಿ ಇನ್ನೊಂದು ದೇಶದಲ್ಲಿ ಸಲ್ಲದು. ಅವರು ಕಳಿಸಿದ ಹೊಸ ಅಮೆರಿಕನ್ ಸ್ಟ್ಯಾಂಪನ್ನು ಇಲ್ಲಿ ಕವರಿಗೆ ಅಂಟಿಸಿದರೆ ಕಾಗದ ಹೋಗದು. ನಮ್ಮ ಹಳೇ ಆಣೆ ಚೀಟಿಗಳೂ ಹಾಗೇ, ಆಲ್ಬಮ್ಮಿಗೆ ಮಾತ್ರ.

ನೀವು ಕಳಿಸುವಾಗ ದರ ಕೌಂಟರಿನಲ್ಲೇ ಕೇಳಿ, ಅದು ಬದಲಾಗುತ್ತಿರುತ್ತದೆ. ವಿಳಾಸದ ಕೊನೇ ಸಾಲಿನಲ್ಲಿ ದೇಶದ ಹೆಸರು ದಪ್ಪ ಇಂಗ್ಲಿಷ್ ಅಕ್ಷರದಲ್ಲಿರಲಿ, ಎಡಗಡೆ ಏರ್‌ಮೇಲ್ ಎಂದು ಬರೆಯಿರಿ. ಒಂದೇ ದೊಡ್ಡ ಬೆಲೆಯ ಚೀಟಿಗಿಂತ ಎರಡು ಮೂರು ಚಿತ್ರದ ಚೀಟಿ ಹಾಕಿದರೆ ಪಡೆಯುವವರಿಗೆ ಸಂತೋಷ. ಗೋಂದು ಅಂಚು ದಾಟದ ಹಾಗೆ ತೆಳುವಾಗಿ ಸವರಿ. ಮುದ್ರೆಯ ವಿಷಯ ನಾಚಿಕೆಯಿಲ್ಲದೆ ಕೇಳಬೇಕು. ಒಂದು ಕಡೆ ನನ್ನ ಕಾರ್ಡಿನ ಚೀಟಿಯ ಮೇಲೆ ಬಾಲ್ ಪೆನ್ನಿನಲ್ಲಿ ಗೀಚಿ ಕಳಿಸಿದ್ದರು. ಜಪಾನಿನಲ್ಲಿ ಪಡೆದವರು ಫೋಟೋ ಹಾಕಿದಾಗ ನೋಡಿ ಸಂಕಟವಾಯಿತು. ಆಮೇಲಿಂದ ಅಂಚೆಡಬ್ಬಿಗೆ ಹಾಕುವುದಿಲ್ಲ, ಕೌಂಟರಿಗೇ ಹೋಗುತ್ತೇನೆ.

‘ಸಾರ್, ಇದಕ್ಕೆ ನೀವೇ ಒಂದು ಸೀಲು ಹಾಕಿಕೊಡ್ತೀರಾ? ಊರಿನ ಹೆಸರು ಕಾಣೋ ಹಾಗೆ.’

‘ಯಾವೂರಿಗಮ್ಮ ಇದು?’

‘ಫಿನ್ಲೆಂಡಿಗೆ ಸಾರ್.’

ಅವರು ಮೊದಲು ಹಳೇ ಕಾಗದದ ಮೇಲೆ ಎರಡು ಸಲ ಒತ್ತಿ ಹೆಚ್ಚಿನ ಶಾಯಿ ತೆಗೆದು, ಆಮೇಲೆ ಚೀಟಿಯ ಮೂಲೆಗೆ ಒತ್ತಿದರು. ಅರ್ಧ ಸ್ಟ್ಯಾಂಪಿನ ಮೇಲೆ, ಅರ್ಧ ಕಾರ್ಡಿನ ಮೇಲೆ, ರಾಬರ್ಟ್‌ಸನ್‌ಪೇಟೆ ಎಂದು ಪೂರ್ತಿ ಓದುವ ಹಾಗೆ ಬಿತ್ತು.